ಪಡುವಣ ಗೋಡೆಗೆ ಮೂರನೆಯ ವರಸೆ

ಶಿರಸಿ ಸೀಮೆಯ ನಮ್ಮ ಹಳೆಯ ಮನೆಯಲ್ಲಿ ಕೆಡವಿ ಮತ್ತೆ ಕಟ್ಟುತ್ತಿರುವ ಪಡುವಣ ಗೋಡೆಗೆ ಈ ವಾರ ಮಣ್ಣಿನ ಮೂರನೆಯ ವರಸೆ, ಅಂದರೆ ಮೂರನೆಯ ಪದರ, ಏರಿತು. ಮುಂಗಾರು ಗಾಳಿ ಸಮುದ್ರದ ದಿಕ್ಕಿನಿಂದ ಬೀಸುವುದರಿಂದ ಇರಚಲಿನ ಹೊಡೆತ ತಿನ್ನುವುದು ಇದೇ ಗೋಡೆ. ಉಳಿದವು ಈಗಲೂ ಗಟ್ಟಿಯಾಗಿವೆ.

ಗೋಡೆ ಕೆಡವಿದಾಗಲೂ ಮಾಡು ಅಲುಗಲಿಲ್ಲ. ಹೆಂಚಿನ ಭಾರವನ್ನೆಲ್ಲ ಕಂಬ, ತೊಲೆಗಳೇ ಹೊತ್ತಿವೆ. ತೊಲೆಯ ತುದಿಯನ್ನು ಕಂಬದ ತೂತಿಗೆ ಕೂಡಿಸಿ ಮರದ ಬೆಣೆ ಹೊಡೆದಿದ್ದಾರೆ, ಕಬ್ಬಿಣದ ಮೊಳೆ ಎಲ್ಲಿಯೂ ಇಲ್ಲ. ಭಾರ ಹೊರುವುದು ಮರ, ಬಿಸಿಲು ಮಳೆ ತಡೆಯುವುದು ಮಣ್ಣು. ಹೀಗೆ ಕೆಲಸ ಹಂಚಿಕೊಟ್ಟ ಹಿರಿಯರ ಜಾಣ್ಮೆಯಿಂದಲೇ ಇಂದು ಒಂದು ಗೋಡೆಯನ್ನಷ್ಟೇ ಬದಲಿಸಲು ಸಾಧ್ಯವಾಗಿದೆ.

ಕೆಡವಿದ ಮಣ್ಣನ್ನು ಎಸೆಯಲಿಲ್ಲ. ಹೆಂಟೆ ಒಡೆದು, ಬೇರು ಮತ್ತು ಗೆದ್ದಲು ಹಿಡಿದ ಭಾಗಗಳನ್ನು ಆರಿಸಿ ತೆಗೆದು, ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ತುಳಿದೆವು. ಅದಕ್ಕೂ ಮೊದಲು ಗಾಜಿನ ಭರಣಿಯಲ್ಲಿ ಒಂದಿಷ್ಟು ಮಣ್ಣಿಗೆ ನೀರು ಬೆರೆಸಿ ಕುಲುಕಿ ಇಟ್ಟಿದ್ದೆ. ಮರಳು ಕೂಡಲೇ ತಳ ಸೇರುತ್ತದೆ, ಜೇಡಿ ಕೊನೆಯಲ್ಲಿ ನಿಧಾನವಾಗಿ ಕೂರುತ್ತದೆ. ಜೇಡಿ ಹೆಚ್ಚಾದರೆ ಗೋಡೆ ಒಣಗುವಾಗ ಬಿರಿಯುತ್ತದೆ, ಕಡಿಮೆಯಾದರೆ ಉದುರುತ್ತದೆ. ನಮ್ಮ ಹಳೆಯ ಮಣ್ಣಿನ ಹದ ಸರಿಯಾಗಿಯೇ ಇತ್ತು. ಕತ್ತರಿಸಿದ ಭತ್ತದ ಹುಲ್ಲನ್ನು ಮಾತ್ರ ಹೊಸದಾಗಿ ಸೇರಿಸಿದೆವು. ಹುಲ್ಲಿನ ಎಳೆಗಳು ಮಣ್ಣನ್ನು ಹಿಡಿದಿಡುವುದರಿಂದ ದೊಡ್ಡ ಬಿರುಕು ಬೀಳುವುದಿಲ್ಲ.

ಒಂದು ವರಸೆ ಸುಮಾರು ಒಂದೂವರೆ ಅಡಿ ಎತ್ತರ. ಅದು ಬಿಗಿಯುವ ತನಕ ಮುಂದಿನದನ್ನು ಇಡುವಂತಿಲ್ಲ. ಹಸಿ ಮಣ್ಣು ಮೇಲಿನ ಭಾರಕ್ಕೆ ಹೊಟ್ಟೆ ಬಿಡುತ್ತದೆ. ಅರೆ ಒಣಗಿದಾಗ ಬದಿಗಳನ್ನು ಕೆತ್ತಿ ಸಮ ಮಾಡಬೇಕು. ನನಗೆ ತುಂಬ ಪ್ರಿಯವಾದ ಕೆಲಸ ಇದು. ಕಿಟಕಿಯ ಮೇಲೆ ಅಡ್ಡ ಇಡಲು ಹಲಸಿನ ಹಲಗೆ ಸಿದ್ಧವಾಗಿದೆ. ಹಲಸಿನ ಚೇಗಿಗೆ, ಅಂದರೆ ಮರದ ಗಟ್ಟಿ ಒಳತಿರುಳಿಗೆ, ಗೆದ್ದಲಿನ ಕಾಟ ಕಡಿಮೆ.

ಇಷ್ಟೆಲ್ಲ ಮಾಡುವ ಬದಲು ಸಿಮೆಂಟ್ ಬಳಿಯಬಾರದೇ ಎಂದು ಬಂದವರೆಲ್ಲ ಕೇಳುತ್ತಾರೆ. ಖಂಡಿತ ಬಳಿಯುವುದಿಲ್ಲ. ಮಣ್ಣಿನ ಗೋಡೆ ತೇವ ಹೀರಿದಷ್ಟೇ ಸಹಜವಾಗಿ ಅದನ್ನು ಬಿಡುತ್ತದೆ. ಸಿಮೆಂಟ್ ಗಾರೆ ಆ ದಾರಿಯನ್ನು ಮುಚ್ಚುತ್ತದೆ. ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾಗದೆ ಹಿಂದಿನ ಮಣ್ಣು ಮೆತ್ತಗಾಗುತ್ತದೆ, ಗಾರೆ ಹಪ್ಪಳದಂತೆ ಎದ್ದು ಬೀಳುತ್ತದೆ. ಗೋಡೆಯನ್ನು ಉಳಿಸುವುದು ಎತ್ತರದ ಕಲ್ಲಿನ ಅಡಿಪಾಯ ಮತ್ತು ಹೊರಚಾಚಿದ ಸೂರು. ನಾವು ಪಕಾಸುಗಳನ್ನು (ಮಾಡಿನ ಇಳಿಜಾರು ಮರಗಳನ್ನು) ಉದ್ದ ಮಾಡಿ, ಅವುಗಳ ಮೇಲೆ ಸೀಳಿದ ಅಡಿಕೆ ಮರದ ದಬ್ಬೆಯ ರೀಪು (ಅಡ್ಡಪಟ್ಟಿ) ಹೊಡೆದು, ಸೂರನ್ನು ಇನ್ನಷ್ಟು ಮುಂದಕ್ಕೆ ತಂದಿದ್ದೇವೆ.

ರೋಹಿಣಿ ಮಳೆಗೆ ಮೊದಲು ಗೋಡೆ ತೊಲೆಯ ಮಟ್ಟ ಮುಟ್ಟಿ ಒಣಗಬೇಕು. ಮಣ್ಣು, ಸಗಣಿ, ನಯ ಮರಳಿನ ಗಿಲಾವು ದೀಪಾವಳಿಯ ನಂತರ. ಈ ಮಳೆಗಾಲಕ್ಕೆ ಗೋಡೆಗೆ ಮರೆಯಾಗಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ; ಸೋಗೆ ಒಟ್ಟಲು ಆಗಲೇ ಶುರುವಾಗಿದೆ.