ಮೊಣಕಾಲಿನ ಮಾದರಿ: ಮೂರನೆಯ ವಾರ

ಕಳೆದ ವಾರ ಹಚ್ಚಿದ ಪದರ ಬಿರುಕು ಬಿಟ್ಟಿದೆ. ಕಿನ್ನಾಳದ ಗೊಂಬೆಗಳಿಗೆ ಬಳಸುವಂಥ ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿ, ಹಗುರ ಮರದಲ್ಲಿ ಕೆತ್ತಿದ ಎರಡು ಎಲುಬುಗಳ ತುದಿಗೆ ಬಳಿದಿದ್ದೆ. ಮೃದ್ವಸ್ಥಿ (ಕಾರ್ಟಿಲೇಜ್, ಕೀಲಿನಲ್ಲಿ ಎಲುಬಿನ ತುದಿಯನ್ನು ಹೊದ್ದಿರುವ ಮೆತ್ತನೆಯ ಪದರ) ಒತ್ತಿದರೆ ತಗ್ಗಬೇಕು, ಬಿಟ್ಟರೆ ಏಳಬೇಕು. ನನ್ನದು ಕೊಪ್ಪಳದ ಬಿಸಿಲಿಗೆ ಖಡಕ್ ರೊಟ್ಟಿಯಾಗಿ ಕೂತಿದೆ.

ಹೊಸದಾಗಿ ಓದುತ್ತಿರುವವರಿಗೆ: ಇದೆಲ್ಲ ಶುರುವಾದದ್ದು ಅವ್ವನ ಮೊಣಕಾಲು ನೋವಿನಿಂದ. ದೊಡ್ಡ ಊರಿನಲ್ಲಿ ಸ್ಟೆಮ್ ಸೆಲ್ (ಆಕರಕೋಶ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚುಚ್ಚುಮದ್ದು ಹಾಕಿಸಿದರೆ ಸವೆದದ್ದು ಮತ್ತೆ ಬೆಳೆಯುತ್ತದೆ ಎಂದು ಪರಿಚಯದವರೊಬ್ಬರು ಆಸೆ ಹುಟ್ಟಿಸಿದ್ದರು. “ಹೊಲಕ್ಕೆ ಬೀಜ ಬಿತ್ತಿದ ಹಾಗೆಯೇ ಏನಪ್ಪಾ?” ಎಂದಳು ಅವ್ವ. ಬಾಯಿಮಾತಿನಲ್ಲಿ ವಿವರಿಸಲು ಹೋಗಿ ಸೋತೆ.

ಮೊದಲ ವಾರ ಕಟುಕರ ಅಂಗಡಿಯಿಂದ ಕುರಿಯ ಕಾಲಿನ ಕೀಲು ತಂದು ಬ್ಲೇಡಿನಿಂದ ಹೆರೆದಿದ್ದೆ. ಸಿಪ್ಪೆ ಸಿಪ್ಪೆಯಾಗಿ ಬಂದದ್ದು ನೀಲಿ ಬೆರೆತ ಬಿಳುಪಿನ, ಒದ್ದೆ ಒದ್ದೆಯಾದ ವಸ್ತು. ಒಂದು ಹನಿ ರಕ್ತವಿಲ್ಲ. ಎಲುಬು ಮುಟ್ಟಿದಾಗ ಮಾತ್ರ ಕೆಂಪು ಕಂಡಿತು. ಗಾಯ ತಾನಾಗಿ ಮಾಯದಿರಲು ಅದೇ ಕಾರಣ: ಮೃದ್ವಸ್ಥಿಯ ಬಹುಪಾಲು ನೀರು, ಕೋಶಗಳು ವಿರಳ, ರಕ್ತನಾಳವೂ ಇಲ್ಲ, ನರವೂ ಇಲ್ಲ. ಎಲುಬಿಗೆ ಸಣ್ಣ ತೂತು ಕೊರೆದು ಮಜ್ಜೆಯ ಆಕರಕೋಶಗಳನ್ನು ಮೇಲಕ್ಕೆ ಬರಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಆಗ ಬೆಳೆಯುವುದು ಹೆಚ್ಚಾಗಿ ನಾರುನಾರಾದ, ಬೇಗ ಸವೆಯುವ ಅಂಗಾಂಶ. (ಮಾದರಿಗೂ ತೂತು ಕೊರೆಯಲು ಹೋದೆ, ಮರ ಸೀಳಿತು.)

ಈ ವಾರದ ಓದು ಹಾರ್ಮೋನುಗಳದ್ದು. ಪ್ರಯೋಗಾಲಯದಲ್ಲಿ ಆಕರಕೋಶಗಳನ್ನು ಉಂಡೆಗಟ್ಟಿಸಿ, ಇನ್ಸುಲಿನ್, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮತ್ತು ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಅಂಶ ಬೆರೆಸಿದ ದ್ರವದಲ್ಲಿ ಇಟ್ಟರೆ ಕೆಲವೇ ವಾರಗಳಲ್ಲಿ ಮೃದ್ವಸ್ಥಿಯಾಗುತ್ತವೆ. ಅಲ್ಲಿಗೇ ನಿಂತರೆ ಚೆನ್ನ, ಆದರೆ ನಿಲ್ಲುವುದಿಲ್ಲ. ಕೋಶಗಳು ಉಬ್ಬಿ, ಸುಣ್ಣ ಕಟ್ಟಿಕೊಂಡು ಎಲುಬಿನ ದಾರಿ ಹಿಡಿಯುತ್ತವೆ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಒಂದು ಪ್ರೋಟೀನು ಕಡಿವಾಣ ಹಾಕುತ್ತದೆ. ಆ ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳ ತುಣುಕಿಗೆ ಅಮೆರಿಕದಲ್ಲಿ 2002ರಲ್ಲಿ ಎಲುಬು ಟೊಳ್ಳಾಗುವ ರೋಗದ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಎಲುಬು ಕಟ್ಟುವ ಅದೇ ಔಷಧಿಯಿಂದ ಮೃದ್ವಸ್ಥಿ ಎಲುಬಾಗದಂತೆ ತಡೆಯಬಹುದೇ ಎಂದು ಸಂಶೋಧಕರು ಕೋಶಗಳ ಮೇಲೂ ಪ್ರಾಣಿಗಳ ಮೇಲೂ ಪರೀಕ್ಷಿಸಿದ್ದಾರೆ. ಇದನ್ನು ಎರಡು ಸಲ ಓದಿದ ಮೇಲೇ ನಂಬಿದೆ.

ಅವ್ವನಿಗೆ ಹೇಳಿದೆ. “ಬೆಂಡೆಕಾಯಿ ಗಿಡದಲ್ಲೇ ಬಿಟ್ಟರೆ ನಾರಾಗುತ್ತದಲ್ಲ, ಹಾಗೆ ಎನ್ನು” ಎಂದಳು. ನನ್ನ ಮೂರು ವಾರದ ಮರಗೆಲಸಕ್ಕಿಂತ ಅದೇ ಸ್ಪಷ್ಟವಾಗಿದೆ. ಕೀಲುನೋವಿಗೆ ಆಕರಕೋಶ ಕೊಡುವುದಾದರೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ಎಂದಿತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ. ಅದನ್ನೂ ಓದಿ ಹೇಳಿದೆ. ಚುಚ್ಚುಮದ್ದಿನ ಮಾತು ಸದ್ಯಕ್ಕೆ ನಿಂತಿದೆ.

ಅಂಟು ಬಿಟ್ಟು, ಜಿಲೆಟಿನ್ ಮತ್ತು ಗ್ಲಿಸರಿನ್ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ಹೊಸ ಪದರ ಎರೆದೆ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ಏಳುತ್ತದೆ! ಆದರೆ ಮಧ್ಯಾಹ್ನದ ಹೊತ್ತಿಗೆ ಒಂದು ಅಂಚು ಮರದಿಂದ ಬಿಟ್ಟುಕೊಂಡಿತ್ತು. ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದ ಚಿಕಿತ್ಸೆಯಲ್ಲಿ, ರೋಗಿಯ ಮೃದ್ವಸ್ಥಿಯಿಂದಲೇ ಬೆಳೆಸಿದ ಕೋಶಗಳನ್ನು ಗಾಯದೊಳಗೆ ಬಿಟ್ಟು, ಎಲುಬಿನ ಮೇಲ್ಪೊರೆಯ ತುಂಡನ್ನು ಮೇಲೆ ಹೊಲಿದಿದ್ದರು. ನಾನೂ ಹೊಲಿಯಬೇಕು. ಅವ್ವ ಹಳೆಯ ಇಳಕಲ್ ಸೀರೆಯ ಚೂರು ತೆಗೆದಿಟ್ಟಿದ್ದಾಳೆ.