ಡೆನ್ವರ್‌ನ 119.9 ಮತ್ತು ನೂರು ಪೊಸೆಷನ್‌ಗಳ ಲೆಕ್ಕ

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 1990–91ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 119.9 ಅಂಕ ಗಳಿಸಿ ಇಡೀ ಲೀಗ್‌ಗೇ ಮೊದಲಿಗರಾಗಿದ್ದವರು ಡೆನ್ವರ್ ನಗೆಟ್ಸ್. ಅದೇ ಋತುವಿನ 82 ಪಂದ್ಯಗಳಲ್ಲಿ 20ನ್ನು ಮಾತ್ರ ಗೆದ್ದು, ಗೆಲುವಿನ ಪಟ್ಟಿಯಲ್ಲಿ ಕಟ್ಟಕಡೆಗೆ ಉಳಿದವರೂ ಅವರೇ. ಎದುರಾಳಿಗಳಿಗೆ ಪಂದ್ಯಕ್ಕೆ 130.8 ಅಂಕ ಬಿಟ್ಟುಕೊಟ್ಟಿದ್ದರಿಂದ, ದಾಳಿ ಚೆನ್ನಾಗಿತ್ತು, ರಕ್ಷಣೆ ಕೈಕೊಟ್ಟಿತು ಎಂದು ಹೇಳುವುದು ಸುಲಭ. ಆದರೆ ಈ ಮಾತಿನಲ್ಲಿ ಅರ್ಧ ಮಾತ್ರ ಸರಿ. ಆ ತಂಡದ ದಾಳಿಯೂ ಚೆನ್ನಾಗಿರಲಿಲ್ಲ. ಪಂದ್ಯದ ಸರಾಸರಿಯನ್ನು ಎಷ್ಟು ಹೊತ್ತು ನೋಡುತ್ತ ಕುಳಿತರೂ ಅದು ಕಾಣುವುದಿಲ್ಲ.

ಆ ವರ್ಷ ತರಬೇತುದಾರರಾಗಿ ಬಂದ ಪಾಲ್ ವೆಸ್ಟ್‌ಹೆಡ್, ಚೆಂಡು ಕೈಗೆ ಸಿಕ್ಕ ಕೆಲವೇ ಸೆಕೆಂಡುಗಳಲ್ಲಿ ಬುಟ್ಟಿಯತ್ತ ಎಸೆಯಬೇಕೆಂಬ ಪದ್ಧತಿಯನ್ನು ಕಾಲೇಜು ಬಾಸ್ಕೆಟ್‌ಬಾಲ್‌ನಿಂದ ಜೊತೆಗೆ ತಂದಿದ್ದರು. ಇದರ ಪರಿಣಾಮ 1990ರ ನವೆಂಬರ್ 10ರಂದೇ ಕಣ್ಣಿಗೆ ಕಟ್ಟುವಂತೆ ಕಂಡಿತು. ಫೀನಿಕ್ಸ್ ಸನ್ಸ್ ಮೊದಲರ್ಧದಲ್ಲೇ 107 ಅಂಕ ಬಾರಿಸಿ ಪಂದ್ಯವನ್ನು 173–143ರಿಂದ ಗೆದ್ದರು. 143 ಅಂಕ ಗಳಿಸಿಯೂ ಡೆನ್ವರ್ 30 ಅಂಕಗಳಿಂದ ಸೋತಿತು.

ಈ ಸಂಖ್ಯೆಗಳನ್ನು ಸರಿಯಾಗಿ ಓದಬೇಕಾದರೆ ಪೊಸೆಷನ್‌ನ ಲೆಕ್ಕ ಬೇಕು. ಚೆಂಡು ಒಂದು ತಂಡದ ಕೈಗೆ ಬಂದ ಗಳಿಗೆಯಿಂದ ಎದುರಾಳಿಯ ಕೈಸೇರುವವರೆಗಿನದು ಒಂದು ಪೊಸೆಷನ್. ಬುಟ್ಟಿಗೆ ಬಿದ್ದರೂ, ತಪ್ಪಿದ ಎಸೆತವನ್ನು ಎದುರಾಳಿ ಹಿಡಿದರೂ, ಚೆಂಡನ್ನು ಕಳೆದುಕೊಂಡರೂ ಅದು ಮುಗಿಯುತ್ತದೆ. ಒಬ್ಬರದು ಮುಗಿದೊಡನೆ ಇನ್ನೊಬ್ಬರದು ಶುರುವಾಗುವುದರಿಂದ ಒಂದು ಪಂದ್ಯದಲ್ಲಿ ಎರಡೂ ತಂಡಗಳಿಗೆ ಸಿಗುವ ಪೊಸೆಷನ್‌ಗಳು ಹೆಚ್ಚುಕಡಿಮೆ ಸಮ. ಕ್ರಿಕೆಟ್ ಬಲ್ಲವರು ಇದನ್ನು ಏಕದಿನ ಪಂದ್ಯದ ಓವರುಗಳಂತೆ ಭಾವಿಸಬಹುದು. ಆದರೆ ಓವರುಗಳ ಸಂಖ್ಯೆ ಟಾಸ್‌ಗೆ ಮೊದಲೇ ನಿಗದಿಯಾಗಿರುತ್ತದೆ, ಇಲ್ಲಿ ಅದನ್ನು ತೀರ್ಮಾನಿಸುವುದು ತಂಡಗಳು ಆಡುವ ವೇಗ. ಹೀಗಾಗಿ ವೇಗ ಹೆಚ್ಚಿಸಿದ ತಂಡವು ತನಗೆ ಎಷ್ಟು ಹೆಚ್ಚುವರಿ ಅವಕಾಶಗಳನ್ನು ಮಾಡಿಕೊಳ್ಳುತ್ತದೆಯೋ ಎದುರಾಳಿಗೂ ಅಷ್ಟನ್ನೇ ಕೊಟ್ಟಿರುತ್ತದೆ. ಡೆನ್ವರ್ ಆ ಋತುವಿನಲ್ಲಿ ಪಂದ್ಯಕ್ಕೆ ಸುಮಾರು 114 ಪೊಸೆಷನ್‌ಗಳನ್ನು ಆಡಿತ್ತು. 119.9ನ್ನು ಅದರಿಂದ ಭಾಗಿಸಿ ನೂರಕ್ಕೆ ಹೊಂದಿಸಿದರೆ ಸಿಗುವುದು 105ರ ಆಸುಪಾಸು, ಆಗಿನ ಲೀಗ್ ಸರಾಸರಿಯಾದರೋ ಸುಮಾರು 108. ನೂರು ಪೊಸೆಷನ್‌ಗೆ ಗಳಿಸಿದ ಈ ಅಂಕವನ್ನೇ ಆಫೆನ್ಸಿವ್ ರೇಟಿಂಗ್ ಎನ್ನುತ್ತಾರೆ. ಅದರ ಪ್ರಕಾರ, ಅತಿ ಹೆಚ್ಚು ಅಂಕ ಗಳಿಸಿದ ತಂಡದ ದಾಳಿ ಸರಾಸರಿಗಿಂತ ಕೆಳಮಟ್ಟದ್ದು.

ಪೊಸೆಷನ್‌ಗಳನ್ನು ಒಂದೊಂದಾಗಿ ಎಣಿಸದೆ, ಪಂದ್ಯದ ಅಂಕಿಅಂಶಗಳ ಪಟ್ಟಿಯಾದ ಬಾಕ್ಸ್ ಸ್ಕೋರ್‌ನಿಂದಲೇ ಅಂದಾಜು ಮಾಡುವ ಸೂತ್ರವೂ ಇದೆ. ಬುಟ್ಟಿಯತ್ತ ಎಸೆದ ಒಟ್ಟು ಎಸೆತಗಳಿಗೆ ಟರ್ನೋವರ್‌ಗಳನ್ನೂ (ಎಸೆಯುವ ಮೊದಲೇ ಚೆಂಡು ಕಳೆದುಕೊಂಡ ಸಲಗಳು), ಫ್ರೀ ಥ್ರೋಗಳ (ಫೌಲ್‌ಗೆ ಪ್ರತಿಯಾಗಿ ಸಿಗುವ, ಯಾರೂ ತಡೆಯದ ಎಸೆತಗಳು) 0.44 ಪಾಲನ್ನೂ ಕೂಡಿಸಿ, ಆಫೆನ್ಸಿವ್ ರೀಬೌಂಡ್‌ಗಳನ್ನು (ತಪ್ಪಿದ ತನ್ನದೇ ಎಸೆತವನ್ನು ತಂಡ ಮತ್ತೆ ಹಿಡಿದ ಸಲಗಳು) ಕಳೆಯಬೇಕು. 88 ಎಸೆತ, 25 ಫ್ರೀ ಥ್ರೋ, 13 ಟರ್ನೋವರ್, 10 ಆಫೆನ್ಸಿವ್ ರೀಬೌಂಡ್ ಇದ್ದರೆ 88ಕ್ಕೆ 11 ಮತ್ತು 13 ಸೇರಿ 112, ಅದರಲ್ಲಿ 10 ಕಳೆದರೆ 102. ಆ ತಂಡ 117 ಅಂಕ ಗಳಿಸಿದ್ದರೆ ರೇಟಿಂಗ್ 114.7. ಎರಡು ಫ್ರೀ ಥ್ರೋಗಳಿಗೆ ಒಂದು ಪೊಸೆಷನ್ ಎಂದು 0.5 ಇಡಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಚೆಂಡು ಬುಟ್ಟಿಗೆ ಬಿದ್ದರೂ ಆ ಎಸೆತದಲ್ಲಿ ಫೌಲ್ ಆದದ್ದಕ್ಕೆ ಸಿಗುವ ಒಂಟಿ ಎಸೆತ, ಮೂರು ಅಂಕದ ಎಸೆತದಲ್ಲಿ ಫೌಲ್ ಆದಾಗ ಸಿಗುವ ಮೂರು ಎಸೆತ, ದುರ್ನಡತೆಯಂಥ ತಪ್ಪಿಗೆ ಕೊಡುವ ಟೆಕ್ನಿಕಲ್ ಫೌಲ್‌ನ ಎಸೆತ, ಇವೆಲ್ಲವುಗಳಿಂದ ಆ ಅನುಪಾತ ಸ್ವಲ್ಪ ಕೆಳಗಿಳಿಯುತ್ತದೆ.

ಆಫೆನ್ಸಿವ್ ರೀಬೌಂಡ್ ಅನ್ನು ಕಳೆಯುವ ಕ್ರಮ ನನಗೆ ಈ ಸೂತ್ರದ ಅತ್ಯಂತ ವಿವೇಕದ ಭಾಗವಾಗಿ ಕಾಣುತ್ತದೆ. ತಪ್ಪಿದ ತನ್ನ ಎಸೆತವನ್ನು ತಾನೇ ಹಿಡಿದ ತಂಡಕ್ಕೆ ಹೊಸ ಪೊಸೆಷನ್ ಸಿಕ್ಕಿತೆಂದು ಬರೆದುಕೊಂಡರೆ ಎರಡು ತಂಡಗಳ ಸಂಖ್ಯೆ ಸಮವಾಗಿ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬುಟ್ಟಿಯ ಕೆಳಗೆ ಹೆಣಗಾಡಿ ಚೆಂಡು ಕಸಿದ ಆಟಗಾರನ ಶ್ರಮ ರೇಟಿಂಗ್‌ನಲ್ಲಿ ಕಾಣದೆ ಹೋಗುತ್ತದೆ. ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ದಾಳಿಯನ್ನು ನಾಲ್ಕು ಅಂಶಗಳಾಗಿ ಬಿಡಿಸಿದಾಗ ಎಸೆತದ ನಿಖರತೆಗೆ ಶೇ 40, ಟರ್ನೋವರ್‌ಗೆ ಶೇ 25, ಆಫೆನ್ಸಿವ್ ರೀಬೌಂಡ್‌ಗೆ ಶೇ 20, ಫ್ರೀ ಥ್ರೋಗೆ ಶೇ 15 ತೂಕ ಕೊಟ್ಟದ್ದೂ ಈ ಲೆಕ್ಕದ ಅಡಿಪಾಯದ ಮೇಲೆಯೇ.

ಯುಗಗಳನ್ನು ಹೋಲಿಸುವಾಗಲಂತೂ ಈ ಅಳತೆಯಿಲ್ಲದೆ ಮಾತನಾಡಲೇಬಾರದು. 1961–62ರಲ್ಲಿ ಎನ್‌ಬಿಎ ತಂಡಗಳ ಸರಾಸರಿ ಪಂದ್ಯಕ್ಕೆ 118.8 ಅಂಕವಿತ್ತು, 2023–24ರಲ್ಲಿ ಅದು 114ರಷ್ಟೇ. ಹಿಂದಿನವರು ಪಂದ್ಯಕ್ಕೆ 100ಕ್ಕೂ ಹೆಚ್ಚು ಬಾರಿ ಬುಟ್ಟಿಯತ್ತ ಎಸೆಯುತ್ತಿದ್ದರು, ಈಗಿನವರು 90ನ್ನೂ ಮುಟ್ಟುವುದಿಲ್ಲ. ಒಂದೇ ಋತುವಿನೊಳಗೂ ಈ ಭೇದ ಕಾಣಿಸುತ್ತದೆ: 2023–24ರಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದು 123.3 ಸರಾಸರಿಯ ಇಂಡಿಯಾನಾ ಪೇಸರ್ಸ್, ಆದರೆ ರೇಟಿಂಗ್‌ನಲ್ಲಿ ಮೊದಲ ಸ್ಥಾನ ನಿಧಾನವಾಗಿ ಆಡಿ ಪಂದ್ಯಕ್ಕೆ 120.6 ಅಂಕ ಗಳಿಸಿದ ಬಾಸ್ಟನ್ ಸೆಲ್ಟಿಕ್ಸ್‌ನದು. ಲೀಗ್‌ನ ಪೂರ್ವ ವಿಭಾಗವಾದ ಈಸ್ಟರ್ನ್ ಕಾನ್ಫರೆನ್ಸ್‌ನ ಫೈನಲ್ ಸರಣಿಯಲ್ಲಿ ಇವೆರಡು ಎದುರಾದಾಗ ಬಾಸ್ಟನ್ 4–0 ಅಂತರದಲ್ಲಿ ಗೆದ್ದು, ಮುಂದೆ ಚಾಂಪಿಯನ್ ಕೂಡ ಆಯಿತು.

ಆದರೂ ಈ ಸಂಖ್ಯೆಯನ್ನು ಒಬ್ಬ ಆಟಗಾರನ ಹೆಸರಿಗೆ ಬರೆಯುವಾಗ ನನಗೆ ಅಳುಕಾಗುತ್ತದೆ. ಮೂರು ಅಂಕದ ಎಸೆತಗಳಿಗೆ ಹೆಸರಾದ ಸ್ಟೀಫನ್ ಕರಿ ಚೆಂಡಿಲ್ಲದೆ ಮೂಲೆಯತ್ತ ಓಡಿದರೂ ಇಬ್ಬರು ರಕ್ಷಕರು ಅವರ ಬೆನ್ನು ಹತ್ತುತ್ತಾರೆ, ಆ ತೆರವಿನಲ್ಲಿ ಸಹ ಆಟಗಾರ ಸುಲಭವಾಗಿ ಅಂಕ ಗಳಿಸುತ್ತಾನೆ, ಬಾಕ್ಸ್ ಸ್ಕೋರ್‌ನಲ್ಲಿ ಕರಿ ಹೆಸರಿನ ಮುಂದೆ ಏನೂ ಸೇರುವುದಿಲ್ಲ. ಆಟಗಾರ ಅಂಕಣದಲ್ಲಿದ್ದಾಗ ಮತ್ತು ಇಲ್ಲದಿದ್ದಾಗ ತಂಡದ ರೇಟಿಂಗ್ ಎಷ್ಟೆಂದು ಹೋಲಿಸುವುದು ಇದಕ್ಕೊಂದು ಪರಿಹಾರ. ಆದರೆ ಡೆನ್ವರ್‌ನ ತಾರೆ ನಿಕೋಲಾ ಯೋಕಿಚ್ ವಿಶ್ರಾಂತಿಗೆ ಹೋದಾಗ ತಂಡದ ಇತರ ಮುಖ್ಯ ಆಟಗಾರರೂ ಹಲವು ಬಾರಿ ಬೆಂಚಿನಲ್ಲಿರುತ್ತಾರೆ; ಕುಸಿತದಲ್ಲಿ ಯಾರ ಪಾಲೆಷ್ಟು ಎಂದು ಬಿಡಿಸಲು ಸಾವಿರಾರು ಪೊಸೆಷನ್‌ಗಳು ಬೇಕು. ಐವರ ಯಾವುದೋ ಜೋಡಣೆ 60 ಪೊಸೆಷನ್ ಆಡಿ 125ರ ರೇಟಿಂಗ್ ಪಡೆದಿದೆ ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಒಂದೇ ಒಂದು ಮೂರು ಅಂಕದ ಎಸೆತ ಬುಟ್ಟಿಯ ಅಂಚಿಗೆ ಬಡಿದು ಹೊರಬಿದ್ದಿದ್ದರೆ ಆ ಸಂಖ್ಯೆ 120ಕ್ಕೆ ಇಳಿಯುತ್ತಿತ್ತು.