ಒಂದು ಕಿವಿ ಆನೆಗೆ

ಕಳೆದ ಜನವರಿಯಲ್ಲಿ ನಮ್ಮಪ್ಪ ತೋಟಕ್ಕೆ ಹೊರಟರೆ ಕೊರಳಲ್ಲಿ ನೆಕ್‌ಬ್ಯಾಂಡ್ ಇಯರ್‌ಫೋನ್ ಇರಲೇಬೇಕಿತ್ತು, ಆದರೆ ಅದರ ಎರಡು ಬಡ್‌ಗಳಲ್ಲಿ ಕಿವಿಗೆ ಇಟ್ಟುಕೊಳ್ಳುತ್ತಿದ್ದದ್ದು ಒಂದನ್ನೇ. ಬಲಗಿವಿ ಹಾಡಿಗೆ, ಎಡಗಿವಿ ಆನೆಗೆ. ಸುಂಟಿಕೊಪ್ಪದ ಕಡೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಮಂಜು ಕವಿದಿರುವಾಗ ಆನೆ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣಲ್ಲ, ಕೊಂಬೆ ಮುರಿದ ಸದ್ದು ಕೇಳಿದರೆ ಉಂಟು ಇಲ್ಲದಿದ್ದರೆ ಇಲ್ಲ. ಹಾಗಾಗಿ ಎಡಗಡೆಯ ಇಯರ್‌ಬಡ್ ಸುಮ್ನೆ ನೇತಾಡುತ್ತಿತ್ತು. ಕಾಫಿ ಗಿಡಕ್ಕೆ ಸಿಕ್ಕಿಕೊಳ್ಳುತ್ತೆ ಅಂತ ಅಪ್ಪ ಅದನ್ನು ಸ್ವೆಟರಿನ ಕತ್ತಿನೊಳಗೆ, ಎಡಗಡೆಗೆ, ತುರುಕಿಬಿಡುತ್ತಿದ್ದರು.

ಅದು ಹೋಗಿ ಕೂರುತ್ತಿದ್ದ ಜಾಗದಲ್ಲೇ, ಚರ್ಮದ ಕೆಳಗೆ, ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಅವರ ಪೇಸ್‌ಮೇಕರ್ ಇದೆ.

ಪೇಸ್‌ಮೇಕರ್ ಹಾಕಿಸಿ ಆಗ ಎರಡು ವರ್ಷ. ಅದೂ ಕಾಫಿ ಕೊಯ್ಲಿನ ಟೈಮಲ್ಲೇ ಆಗಿದ್ದು. ಕಣದಲ್ಲಿ ಹಣ್ಣು ಹರವುತ್ತಿದ್ದವರು ಹಾಗೇ ಕುಸಿದರು, ಎಬ್ಬಿಸಿ ಕೂರಿಸಿದರೆ ‘ಏನಿಲ್ಲ, ಬಿಸಿಲು’ ಅಂದರು. ಕುಶಾಲನಗರದಲ್ಲಿ ಇಸಿಜಿ ತೆಗೆದಾಗ ನಾಡಿ 38. ಹೃದಯದ ಮೇಲಿನ ಕೋಣೆಯಿಂದ ಹೊರಟ ಸಿಗ್ನಲ್ ಕೆಳಗಿನ ಕೋಣೆಗೆ ಮುಟ್ಟುತ್ತಲೇ ಇಲ್ಲ, ಪೂರ್ತಿ ಬ್ಲಾಕ್ ಅಂದರು. ಮೈಸೂರಿಗೆ ಕರೆದುಕೊಂಡು ಹೋದೆವು. ಬೆಂಕಿಪೊಟ್ಟಣದಷ್ಟು ಅಗಲ, ಅದಕ್ಕಿಂತ ತೆಳ್ಳಗಿನ ಒಂದು ಟೈಟಾನಿಯಂ ಡಬ್ಬಿ, ಅದರಿಂದ ಹೃದಯಕ್ಕೆ ಇಳಿದ ಎರಡು ವೈರು. ಮೂರನೇ ದಿನ ಅಪ್ಪ ಮನೆಯಲ್ಲಿದ್ದರು. ಡಿಸ್ಚಾರ್ಜ್ ಮಾಡುವಾಗ ಒಂದು ಕಾರ್ಡು ಕೊಟ್ಟು, ಮೊಬೈಲನ್ನು ಎಡ ಜೇಬಲ್ಲಿ ಇಡಬೇಡಿ, ದಿನಾ ಬೆಳಿಗ್ಗೆ ನಾಡಿ ಎಣಿಸಿಕೊಳ್ಳಿ ಅಂದಿದ್ದರು.

ಅಪ್ಪ ಇದನ್ನು ವ್ರತದ ಹಾಗೆ ಹಿಡಿದರು. ನಮ್ಮಲ್ಲಿ ತೋಟದವರ ಮನೇಲೆಲ್ಲ ಮಳೆ ಲೆಕ್ಕದ ಡೈರಿ ಇರುತ್ತಲ್ಲ, ಅದರಲ್ಲೇ ಮಳೆ ಪಕ್ಕಕ್ಕೆ ನಾಡಿಯನ್ನೂ ಬರೆಯಲು ಶುರು ಮಾಡಿದರು. ಜಗಲಿಯಲ್ಲಿ ಕೂತು, ಕೀ ಕೊಡುವ ಹಳೇ ಎಚ್‌ಎಂಟಿ ವಾಚು ನೋಡುತ್ತಾ, ಪೂರ್ತಿ ಒಂದು ನಿಮಿಷ. ‘ಮಳೆ ಇಲ್ಲ, 66.’ ‘ಮಳೆ 40 ಸೆಂಟ್ಸ್, 69.’ ನೂರು ಸೆಂಟ್ಸ್ ಅಂದರೆ ಒಂದು ಇಂಚು ಮಳೆ. ಜುಲೈ ತಿಂಗಳ ಪುಟ ನೋಡಿದರೆ ಯಾವುದು ಮಳೆ ಯಾವುದು ನಾಡಿ ಅಂತ ಹೊರಗಿನವರಿಗೆ ಗೊತ್ತಾಗಲ್ಲ.

ಡಿಸೆಂಬರ್ ರಜೆಗೆ ಬೆಂಗಳೂರಿಂದ ಬಂದ ತಂಗಿ ಅಪ್ಪನಿಗೆ ಎರಡು ಸಾಮಾನು ತಂದಳು. ಒಂದು ಸ್ಮಾರ್ಟ್ ವಾಚು, ಇನ್ನೊಂದು ನೆಕ್‌ಬ್ಯಾಂಡ್. ವಾಚು ಕಟ್ಟಿಕೊಂಡರೆ ಬಿದ್ದರೂ ನಮಗೆ ಗೊತ್ತಾಗುತ್ತೆ, ಎಲ್ಲಿದ್ದೀರಿ ಅಂತಾನೂ ಕಾಣುತ್ತೆ ಅಂದಳು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಫಾರೆಸ್ಟಿನವರು ಆನೆ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕ್ತಾರಲ್ಲ, ಈಗ ನನಗೂ ಹಾಕಿದ್ರಿ’ ಅಂದರು. ನೆಕ್‌ಬ್ಯಾಂಡ್ ಮಾತ್ರ ಭಾಳ ಹಿಡಿಸಿತು. ಬೆಳಿಗ್ಗೆ ಎದ್ದ ತಕ್ಷಣ ಕೊರಳಿಗೆ ಹಾಕಿಕೊಂಡು, ಅದರಲ್ಲಿ ವಾರ್ತೆ ಕೇಳುತ್ತಾ ಕಾಫಿ, ಆಮೇಲೆ ನಾಡಿ, ಆಮೇಲೆ ತೋಟ.

ಜನವರಿ ಎರಡನೇ ವಾರ ಡೈರಿಯಲ್ಲಿ 85 ಬಂತು. ಮಾರನೇ ದಿನವೂ 85. ಅದರ ಮಾರನೇ ದಿನವೂ.

ಅಪ್ಪ ಹೇಳಲಿಲ್ಲ. ಅಮ್ಮ ಡೈರಿ ನೋಡಿ ಹೇಳಿದ್ದು. ಮನೆಯಲ್ಲಿ ಗಲಾಟೆ ಶುರುವಾಯಿತು ನೋಡಿ. ಮೊದಲು ಸಿಕ್ಕಿಬಿದ್ದದ್ದು ವಾಚು. ಅದರ ಡಬ್ಬಿಯಲ್ಲಿದ್ದ ಮಡಚಿದ ಕಾಗದದಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ, ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳಿ ಅಂತ ಇತ್ತು. ಅಮ್ಮ ಅವತ್ತೇ ವಾಚು ಬಿಚ್ಚಿಸಿ ಬೀರುವಿನೊಳಗೆ ಹಾಕಿ ಬೀಗ ಹಾಕಿದರು. ಆದರೂ 85. ಪಕ್ಕದ ತೋಟದ ಮಾವ ಬಂದು, ಇದೆಲ್ಲ ತರಂಗದ ಕೆಲಸ, ಗುಡ್ಡದ ಮೇಲೆ ಟವರ್ ಬಂದಮೇಲೆ ಜೇನೇ ಕಡಿಮೆಯಾಗಿದೆ, ಇನ್ನು ಮನುಷ್ಯನ ಹೃದಯ ಯಾವ ಲೆಕ್ಕ ಅಂದರು. ವೈಫೈ ಆಫ್ ಮಾಡಿದೆವು. ಮಿಕ್ಸಿ ಹಾಕುವಾಗ ಅಪ್ಪ ಅಂಗಳಕ್ಕೆ ಹೋಗಬೇಕು ಅಂತ ಅಮ್ಮ ಆರ್ಡರ್ ಮಾಡಿದರು, ಹಾಗಾಗಿ ಚಟ್ನಿ ಇದ್ದ ದಿನ ಅಪ್ಪ ಚಳಿಯಲ್ಲಿ ನಿಂತಿರುತ್ತಿದ್ದರು. ಮಾರನೇ ದಿನವೂ 85. ನನಗೆ ಭಯ ಹುಟ್ಟಿಸಿದ್ದು ಆ ನಂಬರ್ ಅಲ್ಲಾಡದೇ ಇದ್ದದ್ದು. ಬರೀ ಜಾಸ್ತಿ ಆಗಿದ್ದರೆ ಸುಸ್ತು ಅನ್ನಬಹುದಿತ್ತು, ಜ್ವರ ಅನ್ನಬಹುದಿತ್ತು. ಮನುಷ್ಯನ ನಾಡಿ ಗೋಡೆ ಗಡಿಯಾರದ ಹಾಗೆ ನಿಂತುಬಿಡುತ್ತಾ?

ಕೊಯ್ಲಿನ ಮಧ್ಯೆ ತೋಟ ಬಿಟ್ಟು ಬರಲ್ಲ ಅಂದರು ಅಪ್ಪ. ಒಪ್ಪಿಸುವಷ್ಟರಲ್ಲಿ ಎರಡು ದಿನ ಹೋಯಿತು. ಬೆಳಿಗ್ಗೆ ಐದಕ್ಕೆ ಹೊರಟಾಗ ಅವರ ಕೈಯಲ್ಲಿ ಒಂದು ಬಟ್ಟೆ ಚೀಲ. ಏನಪ್ಪಾ ಅಂದರೆ, ‘ಯಾವುದರ ಮೇಲೆ ಅನುಮಾನ ಅಂತ ಡಾಕ್ಟರು ಕೇಳಿದರೆ?’ ಅಂದರು.

ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಚೆಕ್ ಮಾಡುವುದು ಒಬ್ಬ ಟೆಕ್ನಿಷಿಯನ್, ಇನ್ನೂ ಮೂವತ್ತು ದಾಟಿರದ ಹುಡುಗ. ಲ್ಯಾಪ್‌ಟಾಪ್ ತರದ ಒಂದು ಮೆಷಿನ್, ಅದಕ್ಕೆ ವೈರಿನಲ್ಲಿ ಒಂದು ಮೌಸ್‌ನಂಥದ್ದು, ಅದನ್ನು ಎದೆ ಮೇಲೆ ಇಟ್ಟರೆ ಒಳಗಿನ ಡಬ್ಬಿ ಮಾತಾಡುತ್ತೆ. ಬ್ಯಾಟರಿ ಸರಿ, ವೈರು ಸರಿ, ಎಲ್ಲ ಸರಿ. ಅಪ್ಪ ಡೈರಿ ಮುಂದೆ ಮಾಡಿದರು. ಆತ ಪುಟ ತಿರುವಿ, ನಕ್ಕು, ‘ಅಂಕಲ್, ನಿಮ್ಮನೇಲಿ ಮ್ಯಾಗ್ನೆಟ್ ಎಲ್ಲಿದೆ?’ ಅಂದ.

ನಾನು ಬ್ಲೂಟೂತು, ಟವರು, ಮಿಕ್ಸಿ ಅಂತೆಲ್ಲ ಹೇಳಲು ಬಾಯಿ ತೆಗೆದಿದ್ದೆ. ಆತ ಕೇಳಿದ್ದು ಮ್ಯಾಗ್ನೆಟ್.

ಅಪ್ಪ ಚೀಲ ಸುರುವಿದರು. ವಾಚು, ಅದರ ಚಾರ್ಜರು, ನೆಕ್‌ಬ್ಯಾಂಡು, ಮೊಬೈಲು, ತೋಟದ ಟಾರ್ಚು, ಟಿವಿ ರಿಮೋಟು. ಸಂತೆ ಹರಡಿದ ಹಾಗಾಯಿತು ಟೇಬಲ್ಲು. ರಿಮೋಟ್ ಯಾಕೆ ತಂದರೋ ಇವತ್ತಿಗೂ ಗೊತ್ತಿಲ್ಲ. ಆತ ಒಂದು ಪೇಪರ್ ಕ್ಲಿಪ್ ತಗೊಂಡು ಒಂದೊಂದಕ್ಕೇ ಮುಟ್ಟಿಸುತ್ತಾ ಹೋದ. ಇಯರ್‌ಬಡ್‌ಗೆ ಕ್ಲಿಪ್ ಟಪ್ ಅಂತ ಅಂಟಿಕೊಂಡಿತು. ‘ಇದನ್ನು ತೋಟದಲ್ಲಿ ಹೇಗೆ ಹಾಕ್ಕೋತೀರೋ ಹಾಗೇ ಹಾಕ್ಕೊಳಿ ನೋಡೋಣ’ ಅಂದ. ಅಪ್ಪ ಬಲಗಿವಿಗೆ ಒಂದು ಇಟ್ಟು, ಎಡಗಡೆಯದನ್ನು ರೂಢಿಯಂತೆ ಕತ್ತಿನೊಳಗೆ ತುರುಕಿಕೊಂಡರು. ಎದೆಗೆ ಇಸಿಜಿ ವೈರು ಅಂಟಿಸಿತ್ತು. ಪರದೆಯ ಮೇಲೆ ಅಷ್ಟು ಹೊತ್ತು 64, 67, 65 ಅಂತ ಆಡುತ್ತಿದ್ದದ್ದು ನಾವು ನೋಡುತ್ತಿದ್ದಂತೆ 85ಕ್ಕೆ ಹೋಗಿ ನಿಂತಿತು. ಆತ ಬಡ್ ಹೊರಗೆ ಎಳೆದ. 66. ಮತ್ತೆ ಒಳಗೆ ಇಟ್ಟ. 85. ನನಗೆ ಕೈ ತಣ್ಣಗಾಯಿತು. ಅಪ್ಪ ಮಾತ್ರ ಹೊಸ ಪಂಪ್‌ಸೆಟ್ ನೋಡುವ ಹಾಗೆ ನೋಡುತ್ತಿದ್ದರು.

ಆಮೇಲೆ ಆತ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಪೇಸ್‌ಮೇಕರ್ ಸುಮ್ನೆ ಒಂದೇ ಸಮ ಬಡಿಯುತ್ತಾ ಇರಲ್ಲ, ಹೃದಯ ಏನು ಮಾಡುತ್ತಿದೆ ಅಂತ ಕೇಳಿಸಿಕೊಳ್ಳುತ್ತಾ ಬೇಕಾದಾಗ ಮಾತ್ರ ತಟ್ಟುತ್ತೆ. ಆಪರೇಷನ್ ಮಾಡುವಾಗ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುತ್ತಾರಲ್ಲ, ಆ ಕರೆಂಟನ್ನೇ ಇದು ಹೃದಯದ ಬಡಿತ ಅಂದುಕೊಂಡು ಸುಮ್ಮನಾಗಿಬಿಡಬಾರದು. ಅದಕ್ಕೇ ಒಳಗೆ ಒಂದು ಸ್ವಿಚ್ಚು. ಚಕ್ಕುಲಿಯಂಥ ಒಂದು ಮ್ಯಾಗ್ನೆಟ್ ಎದೆ ಮೇಲೆ ಇಟ್ಟರೆ ಪೇಸ್‌ಮೇಕರ್ ಕಿವಿ ಮುಚ್ಚಿಕೊಂಡು, ಒಂದೇ ವೇಗದಲ್ಲಿ ತಟ್ಟಲು ಶುರು ಮಾಡುತ್ತೆ. ಆ ವೇಗ ಒಂದೊಂದು ಕಂಪನಿಗೆ ಒಂದೊಂದು. ಅಪ್ಪನ ಡಬ್ಬಿಗೆ 85, ಕೆಲವಕ್ಕೆ 100. ಬ್ಯಾಟರಿ ಮುಗಿಯುತ್ತಾ ಬಂದರೆ ಆ ನಂಬರ್ ಇಳಿಯುತ್ತೆ, ಹಾಗಾಗಿ ಬ್ಯಾಟರಿ ನೋಡಲೂ ಇದೇ ದಾರಿ. ಅಂದರೆ ಡಾಕ್ಟರಿಗೆ ಅಂತಲೇ ಇಟ್ಟ ಬಾಗಿಲನ್ನು ನಮ್ಮ ನೆಕ್‌ಬ್ಯಾಂಡ್ ದಿನಾ ಬೆಳಿಗ್ಗೆ ತಟ್ಟುತ್ತಿತ್ತು. ಇಯರ್‌ಬಡ್ ಅಂದರೆ ಒಂದು ಪುಟ್ಟ ಸ್ಪೀಕರ್, ಸ್ಪೀಕರ್ ಅಂದರೆ ಮ್ಯಾಗ್ನೆಟ್ಟು, ಸಾಲದ್ದಕ್ಕೆ ಎರಡು ಬಡ್ಡೂ ಅಂಟಿಕೊಳ್ಳಲಿ ಅಂತ ಹಿಂದೆ ಇನ್ನೊಂದು.

‘ಹಾಗಾದ್ರೆ ಬ್ಲೂಟೂತು?’ ಅಂತ ಕೇಳಿದೆ. ಬಿಡಿ ಸರ್, ಅದರ ಪವರ್ ಕೆಲವು ಮಿಲಿವ್ಯಾಟ್, ಮೊಬೈಲ್ ಅದಕ್ಕಿಂತ ಎಷ್ಟೋ ಜಾಸ್ತಿ ಬಿಡುತ್ತೆ, ಡಬ್ಬಿಯ ಲೋಹ ಮತ್ತು ಒಳಗಿನ ಫಿಲ್ಟರು ಇಂಥದ್ದನ್ನು ತಡೆಯಲಿಕ್ಕೇ ಇರೋದು ಅಂದ. ಮಿಕ್ಸಿಯನ್ನು ತಬ್ಬಿಕೊಂಡು ನಿಲ್ಲದಿದ್ದರೆ ಸಾಕಂತೆ. ಅಪ್ಪ ನನ್ನ ಕಡೆ ತಿರುಗಿ ‘ಕೇಳಿಸ್ತಾ, ನಿಮ್ಮಮ್ಮನಿಗೆ ಹೇಳು’ ಅಂದರು.

ವಾಚಿಗೂ ಮಾಫಿ ಸಿಕ್ಕಿತು, ಪೂರ್ತಿ ಅಲ್ಲ. ಅದರಲ್ಲಿ ಮೈಯಲ್ಲಿ ಎಷ್ಟು ಕೊಬ್ಬಿದೆ ಅಂತ ಅಳೆಯುವ ಒಂದು ಆಟ ಇದೆ, ಬೆರಳಿಟ್ಟರೆ ಗೊತ್ತೇ ಆಗದಷ್ಟು ಸಣ್ಣ ಕರೆಂಟನ್ನು ಮೈಯೊಳಗೆ ಬಿಟ್ಟು ಅಳೆಯುತ್ತೆ. ಅದನ್ನು ಮಾತ್ರ ಮುಟ್ಟಲೇಬೇಡಿ ಅಂದ. ಮನೆಗೆ ಬಂದಮೇಲೆ ಓದಿದೆ, ಇದನ್ನೇ 2023ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಎತ್ತಿದ್ದರು, ಆ ಕರೆಂಟು ಕೆಲವು ಹೃದಯದ ಸಾಧನಗಳನ್ನು ಗಲಿಬಿಲಿ ಮಾಡಬಹುದು ಅಂತ. ಕಟ್ಟುವುದಾದರೆ ಬಲಗೈಗೆ ಕಟ್ಟಿ, ಚಾರ್ಜರನ್ನು ದಿಂಬಿನ ಹತ್ತಿರ ಇಡಬೇಡಿ, ಏನೇ ಆದರೂ ಎದೆಯಿಂದ ಒಂದು ಗೇಣು ದೂರ. ಗೇಣು ಅಂತ ನಾನು ಹೇಳುತ್ತಿರುವುದು, ಆತ ಹೇಳಿದ್ದು ಕನಿಷ್ಠ 6 ಇಂಚು, ಗೇಣಿಗಿಂತ ಕಡಿಮೆ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2021ರ ಮೇ ತಿಂಗಳಲ್ಲಿ ಮೊಬೈಲಿಗೂ ಸ್ಮಾರ್ಟ್ ವಾಚಿಗೂ ಇದೇ 6 ಇಂಚನ್ನೇ ಹೇಳಿತ್ತು.

ಆಮೇಲೆ ತೋಟದಲ್ಲಿ ಏನೇನು ಕೆಲಸ ಮಾಡ್ತೀರಿ ಅಂತ ಕೇಳಿದ. ಅಪ್ಪ ಖುಷಿಯಾಗಿ ಹೇಳುತ್ತಾ ಹೋದರು. ಸೋಲಾರ್ ಬೇಲಿಯಲ್ಲಿ ಕರೆಂಟ್ ಇದೆಯಾ ಅಂತ ಹಸಿ ಹುಲ್ಲಿನ ಎಸಳು ತಾಗಿಸಿ ನೋಡುವುದನ್ನೂ ಹೇಳಿಬಿಟ್ಟರು. ಸೆಕೆಂಡಿಗೊಂದರಂತೆ ಜುಂ ಅನ್ನುತ್ತೆ, ಅಷ್ಟೇ, ಆನೆಗೂ ಏನೂ ಆಗಲ್ಲ ಅಂದರು. ಹುಡುಗನ ಮುಖ ನೋಡಬೇಕಿತ್ತು. ‘ಅಂಕಲ್, ಇಷ್ಟು ಹೊತ್ತು ನೀವು ಹೇಳಿದ್ದರಲ್ಲಿ ನನಗೆ ನಿಜವಾಗಿ ಹೆದರಿಕೆ ಆಗಿದ್ದು ಇದೊಂದೇ’ ಅಂದ. ಈಗ ಬೇಲಿ ನೋಡುವುದು ನನ್ನ ಕೆಲಸ.

ಹೊರಗೆ ಕಾಯುತ್ತಿದ್ದಾಗ ಪಕ್ಕದ ಕುರ್ಚಿಯಲ್ಲಿ ವಿರಾಜಪೇಟೆ ಕಡೆಯ ಒಬ್ಬರಿದ್ದರು. ಅವರಿಗೆ ಹಾಕಿದ್ದು ಪೇಸ್‌ಮೇಕರ್ ಅಲ್ಲ, ಐಸಿಡಿ, ಬಡಿತ ಹದ ತಪ್ಪಿ ಓಡತೊಡಗಿದರೆ ಒಳಗಿಂದಲೇ ಶಾಕ್ ಕೊಟ್ಟು ಸರಿ ಮಾಡುವಂಥದ್ದು. ಮೊಬೈಲ್ ಅವರ ಎಡ ಜೇಬಲ್ಲೇ ಇತ್ತು. ಅಪ್ಪ ಸುಮ್ಮನಿರುತ್ತಾರಾ, ಒಂದೇ ತಾಸಿನಲ್ಲಿ ಎಕ್ಸ್‌ಪರ್ಟ್ ಆಗಿದ್ದರು, ಪೂರ್ತಿ ಪಾಠ ಮಾಡಿದರು. ಆ ಮನುಷ್ಯ ಮೊಬೈಲ್ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ನಿಜ ಹೇಳಬೇಕೆಂದರೆ ಮ್ಯಾಗ್ನೆಟ್ಟಿನ ವಿಷಯದಲ್ಲಿ ಅಪ್ಪನಿಗಿಂತ ಅವರಿಗೇ ಅಪಾಯ ಜಾಸ್ತಿ. ಪೇಸ್‌ಮೇಕರ್ ಆದರೆ ತಟ್ಟುವುದನ್ನು ನಿಲ್ಲಿಸಲ್ಲ, ಆದರೆ ಐಸಿಡಿ ಹತ್ತಿರ ಮ್ಯಾಗ್ನೆಟ್ ಇದ್ದರೆ ಶಾಕ್ ಕೊಡಬೇಕಾದಾಗ ಅದು ಕೊಡದೇ ಇರಬಹುದು, ಮ್ಯಾಗ್ನೆಟ್ ತೆಗೆಯುವವರೆಗೂ ಅಷ್ಟೇ. 2021ರಲ್ಲಿ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಡಾಕ್ಟರುಗಳು ಒಳಗೆ ಮ್ಯಾಗ್ನೆಟ್ ಇರುವ ಐಫೋನ್ 12 ಅನ್ನು ಒಬ್ಬ ರೋಗಿಯ ಎದೆ ಮೇಲೆ ಇಟ್ಟು ನೋಡಿ ಬರೆದದ್ದೂ ಇದನ್ನೇ. ಇಯರ್‌ಫೋನಿನ ವಿಷಯವಂತೂ ಇನ್ನೂ ಹಳೆಯದು. 2008ರಲ್ಲೇ ಬಾಸ್ಟನ್‌ನಲ್ಲಿ 60 ಜನರ ಎದೆ ಮೇಲೆ ಹೆಡ್‌ಫೋನ್ ಇಟ್ಟು ನೋಡಿದ್ದರು, 14 ಜನರ ಸಾಧನದಲ್ಲಿ ವ್ಯತ್ಯಾಸ ಕಂಡಿತ್ತು. ಇಷ್ಟು ವರ್ಷ ಆಗಿದೆ. ನಮ್ಮ ನೆಕ್‌ಬ್ಯಾಂಡಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಹುಡುಕಿದೆ, ಬಾಸ್ ಎಷ್ಟು ಜೋರಾಗಿದೆ ಅಂತ ಮೂರು ಕಡೆ ಇದೆ, ಮ್ಯಾಗ್ನೆಟ್ ಬಗ್ಗೆ ಇರುವುದು ‘ಸಿಕ್ಕು ಬೀಳುವುದಿಲ್ಲ’ ಅನ್ನುವ ಹೊಗಳಿಕೆ ಮಾತ್ರ.

ಸಂಜೆ ವಾಪಸ್ ಬರುವಾಗ ಕುಶಾಲನಗರದಲ್ಲಿ ಟೀ ಕುಡಿಯಲು ಇಳಿದೆವು. ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು, ನಾನು ತಂದಿದ್ದರಿಂದಲೇ ಅಲ್ವಾ ಅಣ್ಣ ಅಂತ. ಅಪ್ಪ ಫೋನ್ ಕಿತ್ತುಕೊಂಡು, ಬಲಗಿವಿಗೆ ಹಿಡಿದು, ‘ನೀನು ತಂದಿದ್ದು ಸರಿಯಾಗೇ ಇತ್ತು ಮಗಾ, ಎರಡೂ ಕಿವಿಗೆ ಹಾಕ್ಕೊಂಡಿದ್ರೆ ಏನೂ ಆಗ್ತಿರಲಿಲ್ಲ, ಆನೇದೇ ತಪ್ಪು’ ಅಂದರು.

ನೆಕ್‌ಬ್ಯಾಂಡ್ ಈಗ ನನ್ನ ಹತ್ತಿರ ಇದೆ. ಅಪ್ಪ ಅಟ್ಟದಿಂದ ಹಳೇ ರೇಡಿಯೋ ಇಳಿಸಿ, ಸೆಲ್ ಹಾಕಿ, ಕಣದ ಪಕ್ಕದ ಸಿಲ್ವರ್ ಓಕ್ ಮರಕ್ಕೆ ನೇತುಹಾಕಿದ್ದಾರೆ. ಮಡಿಕೇರಿ ಆಕಾಶವಾಣಿ ಚೆನ್ನಾಗಿ ಸಿಗುತ್ತೆ. ಹಣ್ಣು ತೂಕಕ್ಕೆ ತರುವ ಹೆಂಗಸರಿಗೂ ಖುಷಿ, ‘ಸಾವ್ಕಾರ್ರೇ ಸ್ವಲ್ಪ ಜೋರು ಮಾಡಿ’ ಅಂತಾರೆ. ಜೋರು ಮಾಡಿದರೆ ಆನೆ ಸದ್ದು ಕೇಳಲ್ಲ ಅಂತ ಅಪ್ಪ. ದಿನಾ ಇದೇ ಜಗಳ.

ವಾಚು ಬೀರುವಿನಿಂದ ಹೊರಗೆ ಬಂದು ಬಲಗೈಗೆ ಏರಿದೆ, ಎಡಗೈಯಲ್ಲಿ ಎಚ್‌ಎಂಟಿ. ಬೆಳಿಗ್ಗೆ ಜಗಲಿಯಲ್ಲಿ ಅಪ್ಪ ಮೊದಲು ಎಚ್‌ಎಂಟಿ ನೋಡಿ ಎಣಿಸುತ್ತಾರೆ, ಆಮೇಲೆ ಇನ್ನೊಂದು ಕೈ ತಿರುಗಿಸಿ ನೋಡುತ್ತಾರೆ. ಮೊನ್ನೆ ಅಪ್ಪನ ಲೆಕ್ಕಕ್ಕೆ 68, ವಾಚಿನ ಲೆಕ್ಕಕ್ಕೆ 66. ಡೈರಿಯಲ್ಲಿ 68 ಅಂತಲೇ ಬರೆದರು. ‘ಅದಕ್ಕೆ ಎಣಿಸಲಿಕ್ಕೆ ಬರಲ್ಲ’ ಅಂದರು.